ಮೂತ್ರದ ಕಲ್ಲನ್ನು ಒಡೆಯುವ ಧ್ವನಿತರಂಗಗಳು

ಮೂತ್ರದ ಕಲ್ಲಿನ ನೋವು ಹೇಳಿ ಕಳುಹಿಸಿ ಬರುವಂಥದಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದು, ಉಂಡು ಮಲಗಿದ ಮನುಷ್ಯನಿಗೆ ನಡುರಾತ್ರಿಯಲ್ಲಿ ಪಕ್ಕೆಲುಬಿನ ಕೆಳಗೆ, ಬೆನ್ನಿನ ಒಂದು ಮಗ್ಗುಲಲ್ಲಿ ಹಿಂಡಿದಂತೆ ನೋವು ಆರಂಭವಾಗಿ, ಹೊಟ್ಟೆಯ ಪಕ್ಕದಿಂದ ಕೆಳಗಿಳಿದು ತೊಡೆಯ ಸಂದಿಯವರೆಗೆ ಹರಿಯುತ್ತದೆ. ರೋಗಿಯು ಯಾವ ಮಗ್ಗುಲಿಗೆ ಹೊರಳಿದರೂ ಸುಖವಿಲ್ಲ. ಕುಳಿತರೆ ನಿಲ್ಲಬೇಕೆನಿಸುತ್ತದೆ, ನಿಂತರೆ ಮಲಗಬೇಕೆನಿಸುತ್ತದೆ. ವಾಂತಿಯಾಗುವುದೂ, ಮೂತ್ರವು ಕೆಂಪಗೆ ಇಳಿಯುವುದೂ ಉಂಟು. ಹೆರಿಗೆಯ ನೋವು, ಕಲ್ಲಿನ ನೋವು ಎರಡನ್ನೂ ಉಂಡ ತಾಯಂದಿರು ಇದೇ ಹೆಚ್ಚಿನದೆಂದು ಹೇಳಿದುದನ್ನು ನಾನು ಹಲವು ಬಾರಿ ಕೇಳಿದ್ದೇನೆ.

ಇಂತಹ ರೋಗಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತಂದಾಗ ನಾವು ಮೊದಲು ನೋವು ಶಮನ ಮಾಡುವ ಚುಚ್ಚುಮದ್ದನ್ನು ಕೊಡುತ್ತೇವೆ. ಅರ್ಧ ಗಂಟೆಯಲ್ಲಿ ಮುಖ ಅರಳುತ್ತದೆ. ಆಗ ರೋಗಿಯೂ ಅವನ ಮನೆಯವರೂ ಕೇಳುವ ಪ್ರಶ್ನೆಗಳು ಎರಡು. ಮೊದಲನೆಯದು, "ಕೊಯ್ಯಬೇಕಾಗುತ್ತದೆಯೆ?" ಎಂಬುದು. ಎರಡನೆಯದು, "ಕೊಯ್ಯದೆ, ಬರಿಯ ಶಬ್ದದಿಂದಲೇ ಕಲ್ಲನ್ನು ಪುಡಿ ಮಾಡುವ ಯಂತ್ರವಿದೆಯಂತೆ, ಅದು ನಿಜವೆ?" ಎಂಬುದು. ನಿಜ. ಆದರೆ ಆ ಯಂತ್ರವು ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ತಿಳಿಯದೆ ಹೋದರೆ ಅದರಿಂದ ದೊರೆಯಬಹುದಾದ ಲಾಭವು ಕೈತಪ್ಪುತ್ತದೆ. ಕೈತಪ್ಪಿದ ಪ್ರಸಂಗವೊಂದನ್ನು ಮುಂದೆ ಹೇಳಲಿದ್ದೇನೆ.

ಕಲ್ಲು ಹುಟ್ಟುವ ಬಗೆ

ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೇ ಸೇರಿಸಿ, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಶರೀರಕ್ಕೆ ಬೇಡವಾದ ಲವಣಗಳೆಲ್ಲವೂ ಈ ಅಲ್ಪ ನೀರಿನಲ್ಲಿ ಕರಗಿ ಹೋಗಬೇಕು. ನೀರು ಸಾಲದೆ ಹೋದಾಗ ಲವಣವು ಹರಳುಗಟ್ಟುತ್ತದೆ. ಬಚ್ಚಲುಮನೆಯ ತಾಮ್ರದ ಹಂಡೆಯ ಒಳಮೈಗೆ ವರ್ಷಗಳಲ್ಲಿ ಸುಣ್ಣದಂತಹ ಗಟ್ಟಿ ಪದರ ಕಟ್ಟುವುದನ್ನು ಎಲ್ಲರೂ ನೋಡಿರುತ್ತಾರೆ. ಮೂತ್ರಪಿಂಡದಲ್ಲಿಯೂ ಹರಳಿನ ಮೇಲೆ ಹರಳು ಕೂಡಿ ಕಲ್ಲು ಬೆಳೆಯುತ್ತದೆ. ಹತ್ತರಲ್ಲಿ ಸುಮಾರು ಎಂಟು ಕಲ್ಲುಗಳು ಕ್ಯಾಲ್ಸಿಯಂ ಲವಣದವು, ಅವುಗಳಲ್ಲಿಯೂ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಉಳಿದವು ಯೂರಿಕ್ ಆಮ್ಲದವು, ಸೋಂಕಿನಿಂದ ಬೆಳೆಯುವವು ಮತ್ತು ಬಲು ವಿರಳವಾಗಿ ಸಿಸ್ಟೀನ್ ಎಂಬ ಪದಾರ್ಥದವು.

ಬಿಸಿಲಿನಲ್ಲಿ ದುಡಿದು ಬೆವರು ಸುರಿಸುವವರಿಗೆ ಕಲ್ಲು ಹೆಚ್ಚೆಂಬುದು ತಿಳಿದ ಸಂಗತಿ. ಆದರೆ ಹೆಂಗಸರ ವಿಷಯದಲ್ಲಿ ಇನ್ನೊಂದು ಕಾರಣವನ್ನು ಇಲ್ಲಿ ಹೇಳದೆ ಇರಲಾಗದು. ಹೊಲದಲ್ಲಿ ಮರೆಯಿಲ್ಲ, ಸಂತೆಯಲ್ಲಿ ಶೌಚಾಲಯವಿಲ್ಲ, ಇದ್ದರೂ ಒಳಹೋಗುವಂತಿಲ್ಲ ಎಂಬ ಕಾರಣದಿಂದ ನಮ್ಮ ಅನೇಕ ಸೋದರಿಯರು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲ. ಮೂತ್ರವನ್ನು ತಡೆದುಕೊಳ್ಳಬೇಕಾದೀತೆಂದು ಬಾಯಾರಿಕೆಯನ್ನೇ ತಡೆದುಕೊಳ್ಳುತ್ತಾರೆ. ಇದು ರೋಗಿಯ ತಪ್ಪಲ್ಲ. ಆದರೂ ಇದರ ಫಲವನ್ನು ಅನುಭವಿಸುವುದು ಅವಳ ಮೂತ್ರಪಿಂಡವೇ. ಮನೆಯ ಗಂಡಸರು ಈ ಸಾಲುಗಳನ್ನು ಓದಿದರೆ ಒಳ್ಳೆಯದು.

ಕತ್ತಿಯ ಕಾಲ

ಕಲ್ಲು ಹೊಸ ರೋಗವಲ್ಲ. ಸುಶ್ರುತನು ಇದನ್ನು ಅಶ್ಮರಿ ಎಂದು ಕರೆದು, ಮೂತ್ರಕೋಶದಲ್ಲಿರುವ ಕಲ್ಲನ್ನು ಕೆಳಗಿನಿಂದ ಕೊಯ್ದು ತೆಗೆಯುವ ಶಸ್ತ್ರಕ್ರಿಯೆಯನ್ನು ವಿವರಿಸಿದ್ದಾನೆ. ಶಸ್ತ್ರಕ್ರಿಯೆ ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಉಳಿಯುವುದು ಸಂದೇಹ, ಆದುದರಿಂದ ಅರಸನಿಗೆ ತಿಳಿಸಿ ಕೈಹಾಕಬೇಕೆಂದು ಎಚ್ಚರಿಸಿರುವುದೂ ಅಲ್ಲಿಯೇ ಇದೆ. ಗ್ರೀಸ್ ದೇಶದಲ್ಲಿ ಹಿಪೊಕ್ರೆಟಿಸ್‌ನ ಹೆಸರಿನ ಪ್ರತಿಜ್ಞೆಯು, ಕಲ್ಲಿಗಾಗಿ ಕೊಯ್ಯುವ ಕೆಲಸವನ್ನು ಅದರಲ್ಲಿ ಪಳಗಿದವರಿಗೇ ಬಿಡಬೇಕೆಂದು ವೈದ್ಯರಿಗೆ ವಿಧಿಸಿತ್ತು. ನಮ್ಮ ಅಜ್ಜಂದಿರ ಕಾಲದವರೆಗೂ ಮೂತ್ರಪಿಂಡದ ಕಲ್ಲನ್ನು ತೆಗೆಯಬೇಕಾದರೆ ಪಕ್ಕೆಯಲ್ಲಿ ಗೇಣುದ್ದ ಕೊಯ್ಯುವುದು ಅನಿವಾರ್ಯವಾಗಿತ್ತು. ವಾರಗಟ್ಟಲೆ ಹಾಸಿಗೆ, ತಿಂಗಳುಗಟ್ಟಲೆ ಕೆಲಸವಿಲ್ಲ. ಕಲ್ಲು ಮರುಕಳಿಸುವ ಸ್ವಭಾವದ್ದಾದುದರಿಂದ ಅದೇ ಪಕ್ಕೆಯನ್ನು ಮತ್ತೊಮ್ಮೆ ಕೊಯ್ಯಬೇಕಾಗಿ ಬಂದರೆ ಹಳೆಯ ಗಾಯದ ಗಂಟಿನಲ್ಲಿ ಕೈಯಾಡಿಸುವುದು ವೈದ್ಯನಿಗೂ ಕಷ್ಟ, ರೋಗಿಗೂ ಅಪಾಯ.

ವಿಮಾನದಿಂದ ಆಸ್ಪತ್ರೆಗೆ

ಈ ಸ್ಥಿತಿಯನ್ನು ಬದಲಿಸಿದ ಸಾಧನವು ಬಂದುದು ಆಸ್ಪತ್ರೆಯಿಂದಲ್ಲ, ವಿಮಾನಗಳ ಕಾರ್ಖಾನೆಯಿಂದ. ಜರ್ಮನಿಯ ಡಾರ್ನಿಯರ್ ಎಂಬ ವಿಮಾನ ಸಂಸ್ಥೆಯವರು, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳಿಗೆ ಮಳೆಯ ಹನಿ ಬಡಿದರೂ ಲೋಹದಲ್ಲಿ ಹಾನಿಯಾಗುವುದೇಕೆ ಎಂಬುದನ್ನು ಪರೀಕ್ಷಿಸುತ್ತಿದ್ದರು. ಅತಿವೇಗದ ವಸ್ತುವೊಂದು ಗುರಿಗೆ ತಗುಲಿದ ಕ್ಷಣದಲ್ಲಿ ಆ ಗುರಿಯನ್ನು ಮುಟ್ಟಿದ್ದ ಇಂಜಿನಿಯರರೊಬ್ಬರಿಗೆ ವಿದ್ಯುತ್ತು ಹೊಡೆದಂತಾಯಿತೆಂದೂ, ಅಲ್ಲಿ ವಿದ್ಯುತ್ತೇನೂ ಇರಲಿಲ್ಲವೆಂದೂ ಹೇಳಲಾಗಿದೆ. ಹರಿದುದು ಆಘಾತತರಂಗ, ಎಂದರೆ ಒಮ್ಮೆಲೆ ಏರಿ ಒಮ್ಮೆಲೆ ಇಳಿಯುವ ಒತ್ತಡದ ಅಲೆ. ಅದು ಅವರ ಕೈಯಲ್ಲಿ ಹಾದುಹೋಗಿಯೂ ಮಾಂಸಕ್ಕೆ ಗಾಯ ಮಾಡಿರಲಿಲ್ಲ. ಮಾಂಸವನ್ನು ಬಿಟ್ಟು ಗಟ್ಟಿ ವಸ್ತುವನ್ನು ಮಾತ್ರ ಒಡೆಯುವುದಾದರೆ ಮೂತ್ರದ ಕಲ್ಲನ್ನೇಕೆ ಒಡೆಯಬಾರದು?

ಮ್ಯೂನಿಕ್ ನಗರದ ವಿಶ್ವವಿದ್ಯಾನಿಲಯದ ವೈದ್ಯರು ಆ ಸಂಸ್ಥೆಯವರೊಡನೆ ಸೇರಿ ವರ್ಷಗಳ ಕಾಲ ಪ್ರಾಣಿಗಳಲ್ಲಿ ಪ್ರಯೋಗ ನಡೆಸಿದರು. ಕೊನೆಗೆ 1980ನೆಯ ಇಸವಿ ಫೆಬ್ರವರಿ 7ರಂದು ಡಾ. ಕ್ರಿಶ್ಚಿಯನ್ ಶೌಸಿ ಮತ್ತು ಅವರ ಸಂಗಡಿಗರು ಮೊದಲ ರೋಗಿಗೆ ಈ ಚಿಕಿತ್ಸೆಯನ್ನು ಮಾಡಿದರು. ರೋಗಿಗೆ ಅರಿವಳಿಕೆ ಕೊಟ್ಟು, ನೀರು ತುಂಬಿದ ದೊಡ್ಡ ತೊಟ್ಟಿಯೊಳಗೆ ಇಳಿಸಿ, ನೀರಿನ ಮೂಲಕ ಅಲೆಗಳನ್ನು ಹಾಯಿಸುತ್ತಿದ್ದ ಕಾಲವದು. ಐದು ವರ್ಷ ತುಂಬುವ ಮೊದಲೇ, ಎಂದರೆ 1984ರ ಡಿಸೆಂಬರಿನಲ್ಲಿ, ಅಮೆರಿಕದ ಸರ್ಕಾರವೂ ಆ ಯಂತ್ರಕ್ಕೆ ಅನುಮತಿಯಿತ್ತಿತು. ಈಗ ತೊಟ್ಟಿ ಇಲ್ಲ. ನೀರು ತುಂಬಿದ ಒಂದು ಮೆತ್ತೆಯು ರೋಗಿಯ ಪಕ್ಕೆಗೆ ಒತ್ತಿಕೊಂಡಿರುತ್ತದೆ, ಅಷ್ಟೆ.

ಧ್ವನಿಯು ಕಲ್ಲನ್ನು ಒಡೆಯುವುದು ಹೇಗೆ?

ಧ್ವನಿಯೆಂದರೆ ಒತ್ತಡದ ಅಲೆ. ಸೆಕೆಂಡಿಗೆ 20ರಿಂದ 20,000ದವರೆಗಿನ ಕಂಪನಗಳು ಮನುಷ್ಯನ ಕಿವಿಗೆ ಕೇಳಿಸುತ್ತವೆ. ಅದಕ್ಕೆ ಮೇಲ್ಪಟ್ಟುದನ್ನು ಶ್ರವಣಾತೀತ ಧ್ವನಿ ಎನ್ನುತ್ತೇವೆ. ಗರ್ಭಿಣಿಯರ ಸ್ಕ್ಯಾನಿಂಗಿನಲ್ಲಿ ಬಳಸುವುದು ಸೆಕೆಂಡಿಗೆ ಲಕ್ಷಾಂತರ ಕಂಪನಗಳುಳ್ಳ ಇಂತಹ ಧ್ವನಿಯನ್ನೇ. ಅಲ್ಲಿ ಅದು ಬಲು ಮೆಲ್ಲನೆಯದು. ಒಳಗೆ ಹೋಗಿ, ತಗುಲಿದ ಕಡೆಯಿಂದ ಹಿಂದಿರುಗಿ, ಚಿತ್ರವನ್ನಷ್ಟೇ ತೋರಿಸುತ್ತದೆ. ಕಲ್ಲು ಒಡೆಯುವ ಅಲೆಯಾದರೋ ಅದಕ್ಕಿಂತ ಬಹುಪಾಲು ಬಲವಾದುದು ಮತ್ತು ಒಂದೇ ಬಿಂದುವಿನಲ್ಲಿ ಕೂಡುವಂತೆ ಮಾಡಿದುದು. ಇವೆರಡನ್ನೂ ಒಂದೇ ಎಂದು ಬಗೆದು ಸ್ಕ್ಯಾನಿಂಗಿಗೆ ಹೆದರುವ ತಾಯಂದಿರಿದ್ದಾರೆ. ಹೆದರಬೇಕಾಗಿಲ್ಲ. ಗಾಜಿನ ಕಿಟಕಿಯಿಂದ ಬೀಳುವ ಬಿಸಿಲು ಅಂಗೈಯನ್ನು ಸುಡುವುದಿಲ್ಲ, ಭೂತಗನ್ನಡಿಯು ಕೂಡಿಸಿದ ಅದೇ ಬಿಸಿಲು ಕಾಗದಕ್ಕೆ ಬೆಂಕಿ ಹಚ್ಚುತ್ತದೆ.

ಅಲೆಯನ್ನು ಕೂಡಿಸುವ ಕೆಲಸಕ್ಕೆ ಮೊದಲ ಯಂತ್ರಗಳಲ್ಲಿ ಮೊಟ್ಟೆಯನ್ನು ಅಡ್ಡಲಾಗಿ ಕತ್ತರಿಸಿದಂತಹ ಆಕಾರದ ಲೋಹದ ಬಟ್ಟಲಿತ್ತು. ಇಂತಹ ದೀರ್ಘವೃತ್ತಾಕಾರಕ್ಕೆ ಎರಡು ನಾಭಿಗಳಿರುತ್ತವೆ. ಒಂದರಲ್ಲಿ ಹುಟ್ಟಿದ ಅಲೆಯು ಬಟ್ಟಲಿನ ಮೈಗೆ ಬಡಿದು ಎರಡನೆಯದರಲ್ಲಿ ಬಂದು ಸೇರುತ್ತದೆ. ಮೊದಲ ನಾಭಿಯಲ್ಲಿ ನೀರಿನೊಳಗೆ ವಿದ್ಯುತ್ ಕಿಡಿ, ಎರಡನೆಯದರಲ್ಲಿ ರೋಗಿಯ ಕಲ್ಲು. ವಿಜಯಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಪಿಸುಮಾತು ಆಚೆಯ ಗೋಡೆಯ ಬಳಿ ಕೇಳಿಸುವ ವಿಚಿತ್ರ ನೆನಪಿರಬಹುದು. ಅಲ್ಲಿ ಧ್ವನಿಯು ಗೋಡೆಯನ್ನು ಹಿಡಿದು ಸಾಗುತ್ತದೆಯಾದುದರಿಂದ ಬಗೆ ಬೇರೆ. ಆದರೂ ಬಾಗಿದ ಗೋಡೆಯು ಧ್ವನಿಯನ್ನು ಚದುರಗೊಡದೆ ಬೇಕಾದೆಡೆಗೆ ಒಯ್ಯಬಲ್ಲುದೆಂಬುದಕ್ಕೆ ನಮ್ಮ ನಾಡಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಈಚಿನ ಯಂತ್ರಗಳಲ್ಲಿ ಕಿಡಿಯ ಬದಲಿಗೆ ವಿದ್ಯುತ್ಕಾಂತದಿಂದ ಅದುರುವ ಲೋಹದ ತಗಡನ್ನಾಗಲಿ, ವಿದ್ಯುತ್ತು ಹಾಯಿಸಿದರೆ ಹಿಗ್ಗಿ ಕುಗ್ಗುವ ಹರಳುಗಳನ್ನಾಗಲಿ ಬಳಸುವುದುಂಟು. ಈ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಮೊದಲ ರೋಗಿಯ ಚಿಕಿತ್ಸೆಗೆ ಸರಿಯಾಗಿ ನೂರು ವರ್ಷ ಮುಂಚೆ.

ನಮ್ಮ ಶರೀರದಲ್ಲಿ ಬಹುಭಾಗ ನೀರೇ ಆದುದರಿಂದ ಅಲೆಯು ಚರ್ಮ, ಕೊಬ್ಬು, ಮಾಂಸಗಳನ್ನು ಹೆಚ್ಚು ತಡೆಯಿಲ್ಲದೆ ಹಾಯುತ್ತದೆ. ಗಾಳಿ ಮಾತ್ರ ಅದಕ್ಕೆ ಗೋಡೆಯಿದ್ದಂತೆ. ಚರ್ಮಕ್ಕೂ ಮೆತ್ತೆಗೂ ನಡುವೆ ಗಾಳಿಯ ಗುಳ್ಳೆ ಉಳಿಯಬಾರದೆಂದೇ ತಣ್ಣನೆಯ ಅಂಟು ದ್ರವವನ್ನು ಹಚ್ಚುವುದು. ಕಲ್ಲನ್ನು ಮುಟ್ಟಿದೊಡನೆ ಅಲೆಯು ಅದರೊಳಗೆ ನುಗ್ಗಿ, ಆಚೆಯ ಮೈಯನ್ನು ತಲುಪಿ, ಅಲ್ಲಿಂದ ಹಿಂದಿರುಗುವಾಗ ಒತ್ತುವ ಬದಲು ಎಳೆಯುತ್ತದೆ. ಕೇರಂ ಕಾಯಿಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿಟ್ಟು ಮೊದಲನೆಯದನ್ನು ಹೊಡೆದರೆ ಕೊನೆಯದು ಸಿಡಿದುಹೋಗುವುದಿಲ್ಲವೆ? ಹಾಗೆಯೇ ಕಲ್ಲಿನ ಹಿಂಬದಿಯು ಸೀಳುತ್ತದೆ. ಕಲ್ಲು ಒತ್ತಡವನ್ನು ತಾಳಬಲ್ಲುದು, ಎಳೆತವನ್ನು ತಾಳಲಾರದು. ಅಲ್ಲದೆ ಕಲ್ಲಿನ ಸುತ್ತಲಿನ ಮೂತ್ರದಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ, ಕುಸಿದು, ಕುಸಿಯುವಾಗ ಕಲ್ಲಿನ ಮೈಯನ್ನು ಉಳಿಯಿಂದ ಕೆತ್ತಿದಂತೆ ಕೆತ್ತುತ್ತವೆ. ಒಂದು ಏಟಿಗೆ ಏನೂ ಆಗದು. ಎರಡು ಮೂರು ಸಾವಿರ ಏಟುಗಳ ಕೆಲಸವಿದು.

ಚಿಕಿತ್ಸೆಯ ದಿನ

ಮೊದಲೇ ಮೂತ್ರ ಪರೀಕ್ಷೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಮೂತ್ರಪಿಂಡದ ಕಾರ್ಯದ ಪರೀಕ್ಷೆ, ಸ್ಕ್ಯಾನಿಂಗ್ ಅಥವಾ ಕ್ಷ-ಕಿರಣ ಚಿತ್ರಗಳು ಆಗಿರಬೇಕು. ಹೃದಯಕ್ಕಾಗಿ ರಕ್ತವನ್ನು ತೆಳುಗೊಳಿಸುವ ಮಾತ್ರೆ ಸೇವಿಸುತ್ತಿರುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು. ಮುಟ್ಟು ತಪ್ಪಿರುವ ಸ್ತ್ರೀಯು ಸಂಕೋಚಪಡದೆ ಹೇಳಬೇಕು. ಗರ್ಭಿಣಿಗೆ ಈ ಚಿಕಿತ್ಸೆಯನ್ನು ಎಂದೂ ಮಾಡತಕ್ಕದ್ದಲ್ಲ. ಮೂತ್ರದಲ್ಲಿ ಸೋಂಕಿದ್ದರೆ ಮೊದಲು ಅದನ್ನು ಗುಣಪಡಿಸಬೇಕು, ಇಲ್ಲವಾದರೆ ಕಲ್ಲಿನೊಡನೆ ರೋಗಾಣುಗಳೂ ಬಿಡುಗಡೆಯಾಗಿ ರಕ್ತವನ್ನು ಸೇರುವ ಭಯವಿದೆ.

ರೋಗಿಯು ಮೇಜಿನ ಮೇಲೆ ಮಲಗುತ್ತಾನೆ. ನೋವು ತಡೆಯುವ ಔಷಧಿಯನ್ನೋ, ಮಂಪರು ಬರಿಸುವ ಔಷಧಿಯನ್ನೋ ಕೊಟ್ಟಿರುತ್ತಾರೆ. ಕ್ಷ-ಕಿರಣದಿಂದ ಅಥವಾ ಸ್ಕ್ಯಾನಿಂಗಿನಿಂದ ಕಲ್ಲಿನ ಸ್ಥಾನವನ್ನು ಹಿಡಿದು ಯಂತ್ರವನ್ನು ಗುರಿಯಿಡುತ್ತಾರೆ. ಬಳಿಕ ಟಕ್, ಟಕ್ ಎಂಬ ಸದ್ದು. ಪ್ರತಿಯೊಂದಕ್ಕೂ ಪಕ್ಕೆಯಲ್ಲಿ ಬೆರಳಿನಿಂದ ಮಿಡಿದಂತೆ ಅನುಭವ. ಮೊದಲು ಮೆಲ್ಲಗೆ ಆರಂಭಿಸಿ ಬರಬರುತ್ತ ಬಲವನ್ನು ಹೆಚ್ಚಿಸುವರು. ನಿಮಿಷಕ್ಕೆ 60ರಿಂದ 90 ಏಟುಗಳಂತೆ ಸುಮಾರು ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ. "ಇನ್ನೂ ಬೇಗ ಹೊಡೆಯಬಾರದೆ?" ಎಂದು ಹೊರಗೆ ಕಾಯುವ ನೆಂಟರು ಕೇಳುವುದುಂಟು. ಬೇಗ ಹೊಡೆದರೆ ಹಿಂದಿನ ಏಟಿನಿಂದ ಹುಟ್ಟಿದ ಗುಳ್ಳೆಗಳು ಕರಗಲು ಸಮಯ ಸಾಲದೆ ಮುಂದಿನ ಅಲೆಗೇ ಅಡ್ಡ ನಿಲ್ಲುತ್ತವೆ. ಆದುದರಿಂದ ನಿಧಾನವಾಗಿ ಹೊಡೆದಾಗಲೇ ಕಲ್ಲು ಹೆಚ್ಚು ನುಣ್ಣಗಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟೂ ಕಡಿಮೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ.

ಇಲ್ಲಿಯವರೆಗೆ ಆದುದು ಅರ್ಧ ಕೆಲಸ. ಯಂತ್ರವು ಕಲ್ಲನ್ನು ಒಡೆಯುತ್ತದೆ, ತೆಗೆಯುವುದಿಲ್ಲ. ಚೂರುಗಳನ್ನು ಹೊರಗೆ ಸಾಗಿಸಬೇಕಾದುದು ರೋಗಿಯ ಸ್ವಂತ ಮೂತ್ರದ ಹರಿವು. ಅದಕ್ಕಾಗಿ ಮೂತ್ರಪಿಂಡಕ್ಕೆ ಜೀವವಿರಬೇಕು, ಕೆಳಗಿನ ದಾರಿ ತೆರೆದಿರಬೇಕು. ಒಂದೆರಡು ದಿನ ಮೂತ್ರವು ಕೆಂಪಾಗಿ ಹೋದರೆ ಗಾಬರಿಯಾಗಬೇಕಾಗಿಲ್ಲ. ಮರಳಿನಂತಹ ಚೂರುಗಳು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇಳಿಯುತ್ತವೆ. ಪೂರ್ತಿ ಹೋಗಲು ಮೂರು ತಿಂಗಳಾಗುವುದೂ ಉಂಟು. ಕೆಲವರಲ್ಲಿ ಚೂರುಗಳು ಮೂತ್ರನಾಳದಲ್ಲಿ ಒಂದರ ಹಿಂದೊಂದು ಸಾಲಾಗಿ ಸಿಕ್ಕಿಕೊಂಡು ದಾರಿಯನ್ನು ಮುಚ್ಚುತ್ತವೆ. ಜರ್ಮನ್ ವೈದ್ಯರು ಇದಕ್ಕೆ ಕಲ್ಲಿನ ಬೀದಿ ಎಂದು ಹೆಸರಿಟ್ಟಿದ್ದಾರೆ. ಚಳಿಯೊಡನೆ ಜ್ವರ, ತಡೆಯಲಾಗದ ನೋವು, ಮೂತ್ರ ಕಟ್ಟುವುದು, ರಕ್ತದ ಗಡ್ಡೆಗಳು ಬೀಳುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಲ್ಲು ದಾರಿ ಕಟ್ಟಿರುವಾಗ ಜ್ವರ ಬಂದರೆ ಅದು ಪ್ರಾಣಕ್ಕೇ ಅಪಾಯ.

ಎಲ್ಲ ಕಲ್ಲಿಗೂ ಅಲ್ಲ

ಐದು ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ನೀರು ಮತ್ತು ಔಷಧಿಗಳ ಸಹಾಯದಿಂದ ತಾವಾಗಿಯೇ ಇಳಿದುಹೋಗುತ್ತವೆ. ಅವುಗಳಿಗೆ ಯಂತ್ರವೇ ಬೇಡ. ಎರಡು ಸೆಂಟಿಮೀಟರಿಗಿಂತ ದೊಡ್ಡದನ್ನು ಒಡೆದರೆ ಚೂರುಗಳ ರಾಶಿಯೇ ದಾರಿಗೆ ಅಡ್ಡವಾಗುವುದರಿಂದ, ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ದುರ್ಬೀನಿನಿಂದ ತೆಗೆಯುವ ವಿಧಾನವೇ ಮೇಲು. ನಡುವಿನವು ಆಘಾತತರಂಗಕ್ಕೆ ತಕ್ಕವು, ಅದರಲ್ಲಿಯೂ ಒಂದು ಸೆಂಟಿಮೀಟರಿನ ಒಳಗಿನವು ಚೆನ್ನಾಗಿ ಒಡೆಯುತ್ತವೆ. ಮೂತ್ರಪಿಂಡದ ಕೆಳಗಿನ ಮೂಲೆಯಲ್ಲಿರುವ ಕಲ್ಲು ಒಡೆದರೂ ಚೂರುಗಳು ಬಾವಿಯ ತಳದಲ್ಲಿರುವಂತೆ ಅಲ್ಲಿಯೇ ಉಳಿಯಬಹುದು. ಸಿಸ್ಟೀನಿನ ಕಲ್ಲು ಮತ್ತು ಕೆಲವು ಜಾತಿಯ ಕ್ಯಾಲ್ಸಿಯಂ ಕಲ್ಲುಗಳು ಬಲು ಗಟ್ಟಿ. ಬಹಳ ಸ್ಥೂಲಕಾಯದವರಲ್ಲಿ ಅಲೆಯು ಕಲ್ಲನ್ನು ತಲುಪುವುದೇ ಕಷ್ಟ. ಒಂದು ಬಾರಿಗೆ ಸಾಲದೆ ಎರಡು ಬಾರಿ ಮಾಡಬೇಕಾಗುವುದೂ ಸಾಮಾನ್ಯ. ಆದುದರಿಂದ ತಜ್ಞ ವೈದ್ಯರು "ನಿಮಗೆ ಇದು ಬೇಡ, ಮೂತ್ರದ್ವಾರದಿಂದ ನಳಿಕೆ ಹಾಯಿಸಿ ಲೇಸರ್ ಕಿರಣದಿಂದ ಒಡೆಯೋಣ" ಎಂದರೆ, ಅವರು ನಿಮ್ಮನ್ನು ವಂಚಿಸುತ್ತಿದ್ದಾರೆಂದು ಭಾವಿಸಬಾರದು.

ಈಚಿನ ವರ್ಷಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿರುವ ಸಂಗತಿಯನ್ನೂ ತಿಳಿಸಬಹುದು. ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು, ಒಂದೊಂದೇ ದೊಡ್ಡ ಏಟಿನ ಬದಲಿಗೆ, ಕೂಡಿಸಿದ ಶ್ರವಣಾತೀತ ಧ್ವನಿಯ ಚಿಕ್ಕ ಚಿಕ್ಕ ಸರಗಳನ್ನು ಕಲ್ಲಿನ ಮೇಲೆ ಬಿಡುವ ವಿಧಾನವನ್ನು ಬೆಳೆಸಿದ್ದಾರೆ. ಪ್ರತಿಯೊಂದು ಅಲೆಯ ಬಲವು ಆಘಾತತರಂಗಕ್ಕಿಂತ ಕಡಿಮೆ. ಆದರೆ ಅಲೆಯ ಹಿಂದೆ ಅಲೆ ಬಂದು ಕಲ್ಲಿನೊಳಗೆ ಸೀಳು ಬೆಳೆಯುತ್ತದೆ. ಕಂಪನದ ವೇಗವನ್ನು ಹೆಚ್ಚಿಸಿದಷ್ಟೂ ಚೂರು ಸಣ್ಣದಾಗುವುದೆಂಬುದು ಇದರ ವಿಶೇಷ. 2022ರಲ್ಲಿ ಪ್ರಕಟವಾದ ವರದಿಯಂತೆ 19 ರೋಗಿಗಳ 23 ಕಲ್ಲುಗಳ ಮೇಲೆ ಹೆಚ್ಚೆಂದರೆ ಹತ್ತು ನಿಮಿಷ ಪ್ರಯೋಗಿಸಿದಾಗ 21 ಕಲ್ಲುಗಳು ಒಡೆದವು. ಅವುಗಳಲ್ಲಿ 9 ಪೂರ್ತಿಯಾಗಿ ಎರಡು ಮಿಲಿಮೀಟರ್ ಅಥವಾ ಅದಕ್ಕೂ ಸಣ್ಣ ಚೂರುಗಳಾದವು. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಅರಿವಳಿಕೆಯಿಲ್ಲದೆ, ಎಚ್ಚರವಾಗಿಯೇ ಇದ್ದ 29 ರೋಗಿಗಳ ಮೂತ್ರನಾಳದ ಕಲ್ಲುಗಳನ್ನು ಧ್ವನಿಯಿಂದ ತಳ್ಳಿ ನೋಡಿದರು. 19 ಜನರಲ್ಲಿ ಕಲ್ಲು ಅಲುಗಾಡಿತು. ಈ ಸಂಶೋಧನೆಗೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯ ನೆರವೂ ಇತ್ತು. ತೂಕವಿಲ್ಲದ ಸ್ಥಿತಿಯಲ್ಲಿ ಮೂಳೆಯ ಕ್ಯಾಲ್ಸಿಯಂ ಕರಗಿ ಮೂತ್ರಕ್ಕಿಳಿಯುವುದರಿಂದ ಗಗನಯಾತ್ರಿಗಳಿಗೂ ಕಲ್ಲಿನ ಭಯವಿದೆ, ಅಲ್ಲಿ ಆಸ್ಪತ್ರೆಯಿಲ್ಲ. ನಮ್ಮ ಹಳ್ಳಿಯ ರೋಗಿಯ ಸ್ಥಿತಿಯೂ ಕೆಲವು ರಾತ್ರಿ ಹಾಗೆಯೇ ಇರುತ್ತದೆಂದು ಒಮ್ಮೊಮ್ಮೆ ಅನಿಸುವುದುಂಟು. ಸದ್ಯ ನಮ್ಮ ಕಡೆಯ ರೋಗಿಗಳಿಗೆ ಸಾಮಾನ್ಯವಾಗಿ ದೊರೆಯುವುದು ಆಘಾತತರಂಗದ ಯಂತ್ರವೇ, ಅದೂ ದೊಡ್ಡ ಆಸ್ಪತ್ರೆಗಳಲ್ಲಿ. ಖರ್ಚಿನ ವಿಷಯದಲ್ಲಿ ಸರ್ಕಾರದ ಯೋಜನೆಯಿಂದ ಏನು ದೊರೆಯುತ್ತದೆಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಬೇಕು.

ನೋವು ನಿಂತರೆ ಕಲ್ಲು ಹೋಯಿತೆ?

ನಾನು ಮೊದಲೇ ಹೇಳಿದ ಪ್ರಸಂಗವಿದು. ಬಯಲುಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನಿದ್ದಾಗ, ಎರಡು ಮಕ್ಕಳ ತಾಯಿಯೊಬ್ಬರು ಎಡಪಕ್ಕೆಯ ನೋವಿನಿಂದ ಬಂದರು. ಚುಚ್ಚುಮದ್ದಿನಿಂದ ನೋವು ಇಳಿಯಿತು. ಸ್ಕ್ಯಾನಿಂಗ್ ಮಾಡಿಸಿದಾಗ ಮೂತ್ರನಾಳದ ಮೇಲ್ಭಾಗದಲ್ಲಿ ಒಂಬತ್ತು ಮಿಲಿಮೀಟರಿನ ಕಲ್ಲು ಕಂಡಿತು. ಆಘಾತತರಂಗಕ್ಕೆ ಹೇಳಿ ಮಾಡಿಸಿದಂತಹ ಕಲ್ಲು. ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟೆ. ತಿಂಗಳ ಮೇಲೆ ಮತ್ತೆ ನೋವೆಂದು ಬಂದರು. ಚೀಟಿ ಹಾಗೆಯೇ ಮಡಿಸಿದಂತೆ ಅವರ ಚೀಲದಲ್ಲಿತ್ತು. ಅಂದು ಹೊರರೋಗಿಗಳ ಸಾಲು ದೊಡ್ಡದಿತ್ತು. ಚುಚ್ಚುಮದ್ದು ಕೊಟ್ಟು, "ಬೇಗ ಹೋಗಿ ಬನ್ನಿ, ತಾಯಿ" ಎಂದಷ್ಟೇ ಹೇಳಿ ಕಳುಹಿಸಿದೆ. ಗಂಡನನ್ನು ಕೂರಿಸಿ ತಿಳಿಯಹೇಳಲಿಲ್ಲ. ಅದು ನನ್ನ ತಪ್ಪು. ಬಳಿಕ ಹತ್ತಿ ಬಿಡಿಸುವ ಕಾಲ ಬಂದಿತು. ಸಂತೆಯಲ್ಲಿ ಗಂಡನು ಎದುರಾದಾಗ ವಿಚಾರಿಸಿದೆ. "ಬ್ಯಾನಿ ಪೂರಾ ನಿಂತೈತ್ರೀ ಸಾಹೇಬ್ರ, ಇನ್ನ ಯಾಕ ಅಷ್ಟು ದೂರ?" ಎಂದನು.

ಒಂದು ವರ್ಷವೂ ಮೀರಿದ ಮೇಲೆ ಬೇರೆ ಯಾವುದೋ ಕಾರಣಕ್ಕಾಗಿ ಆಕೆಯ ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಕಲ್ಲು ಇದ್ದಲ್ಲಿಯೇ ಇತ್ತು. ಅದರ ಮೇಲಿನ ಮೂತ್ರಪಿಂಡವು ನೀರು ತುಂಬಿದ ಚೀಲದಂತಾಗಿ, ಕೆಲಸ ಮಾಡುವ ಭಾಗವು ಕಾಗದದಷ್ಟು ತೆಳುವಾಗಿ ಹೋಗಿತ್ತು. ಕೊನೆಗೆ ಅದನ್ನು ಶಸ್ತ್ರಕ್ರಿಯೆಯಿಂದ ತೆಗೆದುಹಾಕಬೇಕಾಯಿತು. ಕತ್ತಿಗೆ ಹೆದರಿ ಮನೆಯಲ್ಲಿ ಉಳಿದವರಿಗೆ ಕತ್ತಿಯೇ ಗತಿಯಾಯಿತು. ಇನ್ನೊಂದು ಮೂತ್ರಪಿಂಡವು ಚೆನ್ನಾಗಿದ್ದುದರಿಂದ ಆಕೆ ಇಂದಿಗೂ ಕ್ಷೇಮವಾಗಿದ್ದಾರೆ.

ನೋವು ಏಕೆ ನಿಂತಿತೆಂಬುದನ್ನು ಓದುಗರು ತಿಳಿಯಬೇಕು. ಕಲ್ಲು ಚುಚ್ಚುವುದರಿಂದ ಈ ನೋವು ಬರುವುದಲ್ಲ. ದಾರಿ ಕಟ್ಟಿದಾಗ ಮೂತ್ರವು ಹಿಂದೆ ನಿಂತು, ಮೂತ್ರನಾಳವೂ ಮೂತ್ರಪಿಂಡದ ಹೊದಿಕೆಯೂ ಹಿಗ್ಗುವುದರಿಂದ ಬರುತ್ತದೆ. ಅಡ್ಡಿಯು ಹಾಗೆಯೇ ಉಳಿದರೆ ಮೂತ್ರಪಿಂಡವು ಕ್ರಮೇಣ ಮೂತ್ರವನ್ನು ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ಅದು ಗುಣವಾದ ಚಿಹ್ನೆಯಲ್ಲ, ಸೋತ ಚಿಹ್ನೆ. ದಾರಿ ಪೂರ್ತಿ ಕಟ್ಟಿದ್ದರೆ ಕೆಲವೇ ವಾರಗಳಲ್ಲಿ ಮತ್ತೆ ಸರಿಪಡಿಸಲಾಗದ ಹಾನಿಯಾಗಬಹುದು. ಸತ್ತ ಮೂತ್ರಪಿಂಡದಲ್ಲಿರುವ ಕಲ್ಲನ್ನು ಯಾವ ಧ್ವನಿಯಿಂದ ಒಡೆದರೂ ಚೂರುಗಳನ್ನು ತೊಳೆದೊಯ್ಯಲು ಅಲ್ಲಿ ಮೂತ್ರವೇ ಇರುವುದಿಲ್ಲ. ಆದುದರಿಂದ ಕಲ್ಲು ಹೋಯಿತೆಂದು ನಂಬಬೇಕಾದುದು ಅದು ಕಣ್ಣೆದುರು ಹೊರಗೆ ಬಿದ್ದಾಗ, ಇಲ್ಲವೆ ಮತ್ತೊಮ್ಮೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಕಾಣದೆ ಹೋದಾಗ ಮಾತ್ರ.

ಬಾಳೆದಿಂಡಿನ ರಸ, ಹುರುಳಿಯ ಕಟ್ಟು ಇವುಗಳನ್ನು ಕುಡಿಯಬಾರದೆ ಎಂದು ಕೇಳುವವರು ಬಹಳ. ಕುಡಿಯಬಹುದು, ಅವುಗಳೊಡನೆ ಹೊಟ್ಟೆಗೆ ಹೋಗುವ ನೀರು ಒಳ್ಳೆಯದೇ. ಒಂಬತ್ತು ಮಿಲಿಮೀಟರಿನ ಕ್ಯಾಲ್ಸಿಯಂ ಕಲ್ಲು ಅವುಗಳಿಂದ ಕರಗುವುದೆಂದು ನಂಬಿ ತಿಂಗಳುಗಳನ್ನು ಕಳೆಯುವುದು ಮಾತ್ರ ಸಲ್ಲದು. ಔಷಧಿಯಿಂದ ಕರಗುವಂಥವು ಯೂರಿಕ್ ಆಮ್ಲದ ಕಲ್ಲುಗಳು, ಅದಕ್ಕೂ ವೈದ್ಯರ ಮೇಲ್ವಿಚಾರಣೆ ಬೇಕು. ಕಲ್ಲು ಬಂದವರು ಹಾಲು ಮಜ್ಜಿಗೆಗಳನ್ನು ಬಿಡಬೇಕೆಂಬುದೂ ತಪ್ಪು ತಿಳಿವಳಿಕೆ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಕರುಳಿನಲ್ಲಿ ಆಕ್ಸಲೇಟನ್ನು ಹಿಡಿದಿಡುವುದು ಯಾವುದೂ ಇಲ್ಲದೆ, ಅದು ಹೆಚ್ಚಾಗಿ ರಕ್ತಕ್ಕೂ ಅಲ್ಲಿಂದ ಮೂತ್ರಕ್ಕೂ ಇಳಿಯುತ್ತದೆ. ಕಡಿಮೆ ಮಾಡಬೇಕಾದುದು ಉಪ್ಪನ್ನು; ಉಪ್ಪಿನಕಾಯಿ ಹಪ್ಪಳಗಳನ್ನು. ಉಪ್ಪು ಹಾಕದ ನಿಂಬೆಹಣ್ಣಿನ ಪಾನಕ ಹಿತಕರ. ದಿನಕ್ಕೆ ಎರಡು, ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಷ್ಟು ನೀರು ಕುಡಿಯಬೇಕು, ಬೇಸಗೆಯಲ್ಲಿ ಹೊಲದಲ್ಲಿರುವವರು ಬೆವರಿನ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. ಮೂತ್ರವು ತಿಳಿಯಾಗಿದ್ದರೆ ನೀರು ಸಾಕಾಗಿದೆಯೆಂದು ತಿಳಿಯಬಹುದು. ಹೃದಯದ ಅಥವಾ ಮೂತ್ರಪಿಂಡದ ರೋಗವಿರುವವರು ಮಾತ್ರ ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು. ಒಮ್ಮೆ ಕಲ್ಲು ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷಗಳೊಳಗೆ ಮತ್ತೆ ಬರುತ್ತದೆಂಬ ಲೆಕ್ಕವಿದೆ.

ಚಿಕಿತ್ಸೆ ಪಡೆದವರು ಮೂತ್ರವನ್ನು ತೆಳುವಾದ ಬಿಳಿಯ ಬಟ್ಟೆಯಲ್ಲಿ ಸೋಸಿ, ಸಿಕ್ಕಿದ ಚೂರುಗಳನ್ನು ತೊಳೆದು ಒಣಗಿಸಿ ಇಟ್ಟುಕೊಂಡು ಮರುಭೇಟಿಗೆ ತರಬೇಕು. ಪರೀಕ್ಷೆಯಿಂದ ಕಲ್ಲಿನ ಜಾತಿ ತಿಳಿದರೆ ಮುಂದಿನ ಪಥ್ಯವನ್ನೂ ಔಷಧಿಯನ್ನೂ ನಿರ್ಧರಿಸಲು ಅನುಕೂಲ. ಮೇಲೆ ಹೇಳಿದ ತಾಯಿಯ ಮೈದುನನಿಗೆ ಮರುವರ್ಷವೇ ಕಲ್ಲು ಕಾಣಿಸಿಕೊಂಡಿತು. ಈ ಸಲ ಚೀಟಿ ಬರೆದ ಮೂರನೆಯ ದಿನ ಅಣ್ಣನೇ ಅವನನ್ನು ಕರೆದುಕೊಂಡು ಬಸ್ಸು ಹತ್ತಿದನು. ಆರು ವಾರಗಳ ಮೇಲೆ ಅಣ್ಣ ತಮ್ಮಂದಿರಿಬ್ಬರೂ ಬಂದು ನನ್ನ ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣವನ್ನು ಇಟ್ಟರು. ತೆರೆದು ನೋಡಿದೆ. ಜೋಳದ ನುಚ್ಚಿನಂತಹ ಹನ್ನೊಂದು ಕಂದು ಚೂರುಗಳಿದ್ದವು.